ಮಕ್ಕಳಿಗೆ ನಗೆಪದ್ಯ ಕಲಿಸಲು ಯಾವುದರಿಂದ ಶುರು ಮಾಡಬೇಕು? ಮುಂಬಯಿಯ ಕನ್ನಡ ತರಗತಿಗಳಿಗೊಂದು ಹೋಲಿಕೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಾಸ್ಯಪದ್ಯ ಓದಿಸಲು, ಬರೆಸಲು ಹೊರಟವರಿಗೆ ಹಲವು ದಾರಿಗಳಿವೆ. ಪ್ರಾಸದಾಟ, ಒಗಟು, ನಾಲ್ಕು ಸಾಲಿನ ಚೌಪದಿ, ಅಣಕವಾಡು, ಲಿಮರಿಕ್, ಕಥನ ಕವನ. ಯಾವುದನ್ನು ಮೊದಲು ಹಿಡಿಯಬೇಕು ಎಂಬ ಪ್ರಶ್ನೆಗೆ ಧಾರವಾಡದಲ್ಲಾದರೆ ಮಗುವಿನ ತರಗತಿ ನೋಡಿ ಉತ್ತರ ಹೇಳಬಹುದು. ಮುಂಬಯಿಯಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಮೂವರು ಮೂರನೆಯ ತರಗತಿಯ ಮಕ್ಕಳಲ್ಲಿ ಒಬ್ಬಳ ಮನೆಯಲ್ಲಿ ಕಲಬುರಗಿಯ ಕನ್ನಡ, ಇನ್ನೊಬ್ಬನ ಮನೆಯಲ್ಲಿ ತುಳು. ಮೂರನೆಯ ಮಗು ಇಂಗ್ಲಿಷ್ ಮಾಧ್ಯಮದ್ದು, ಕನ್ನಡ ಕೇಳುವುದು ಅಜ್ಜಿ ಊರಿನಿಂದ ಬಂದಾಗ ಮತ್ತು ವಾರದ ಕೊನೆಯ ತರಗತಿಯಲ್ಲಿ ಮಾತ್ರ. ಮೂವರೂ ಹೊರಗೆ ಆಡುವುದು ಹಿಂದಿ, ಮರಾಠಿ. ಹಾಗಾಗಿ ನಾನು ಮೊದಲೇ ಹೇಳಿಬಿಡುತ್ತೇನೆ: ಪದ್ಯದ ರೂಪವನ್ನು ಆರಿಸಬೇಕಾದದ್ದು ಮಗುವಿನ ಕಿವಿಯಲ್ಲಿ ಎಷ್ಟು ಕನ್ನಡ ಇದೆ ಎಂಬುದನ್ನು ನೋಡಿ. ವಯಸ್ಸು ಮತ್ತು ತರಗತಿ ಆಮೇಲಿನ ಮಾತು.

ಕಿವಿ ಅಳೆಯಲು ಈ ಎರಡು ಸಾಲು ಸಾಕು:

"ಬಸ್ಸು ಬಂತು, ಹತ್ತು ಹತ್ತು!" ಎಂದು ಕೂಗಿದಳಮ್ಮ;
"ಮೊದಲು ಬರಲಿ ಒಂಬತ್ತು" ಎಂದು ನಿಂತನು ತಮ್ಮ.

ಓದಿ, ಸುಮ್ಮನೆ ಮಕ್ಕಳ ಮುಖ ನೋಡಿ. ಕೆಲವರು ತಕ್ಷಣ ನಗುತ್ತಾರೆ. ಕೆಲವರು ಒಂದು ಕ್ಷಣ ತಡೆದು, ಪಕ್ಕದವರನ್ನು ನೋಡಿ ನಗುತ್ತಾರೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ, ಏಕೆಂದರೆ ಅವರು ಎಣಿಸುವುದು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ. 'ಹತ್ತು' ಒಂದು ಸಂಖ್ಯೆ ಎಂಬುದೇ ಅವರ ತಲೆಗೆ ಬಾರದು. ಈ ಮಕ್ಕಳಿಗೆ ಬುದ್ಧಿ ಕಡಿಮೆಯಿಲ್ಲ, ಹಾಸ್ಯಪ್ರಜ್ಞೆಯೂ ಕಡಿಮೆಯಿಲ್ಲ. ನಾವು ಅವರ ಕೈಗೆ ತಪ್ಪು ಬಗೆಯ ಪದ್ಯ ಕೊಟ್ಟಿದ್ದೇವೆ, ಅಷ್ಟೆ. ಶ್ಲೇಷೆಯ ನಗು ಎರಡು ಅರ್ಥಗಳೂ ಒಟ್ಟಿಗೆ ಹೊಳೆದರೆ ಮಾತ್ರ ಹುಟ್ಟುತ್ತದೆ. ವಿವರಿಸಿದ ಮೇಲೆ ಬರುವ ನಗು ಶಿಕ್ಷಕರನ್ನು ಮೆಚ್ಚಿಸಲು ಬಂದ ನಗು. ಆದ್ದರಿಂದ ಮಾತಿನ ಚಮತ್ಕಾರವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲನೆಯ ಗುಂಪಿನ ಮಕ್ಕಳಿಗೆ ನೇರ ಚೌಪದಿ, ಎರಡನೆಯ ಗುಂಪಿಗೆ ಒಗಟು, ಮೂರನೆಯ ಗುಂಪಿಗೆ ಪ್ರಾಸದಾಟ. ಮೂವರೂ ಒಂದೇ ಕೋಣೆಯಲ್ಲಿದ್ದರೆ ಏನು ಮಾಡಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಪ್ರಾಸದಾಟ

ಅರ್ಥಕ್ಕಿಂತ ಸದ್ದು ಮುಂದಿರುವ ಪದ್ಯಗಳಿವು. ಕನ್ನಡ ಕಡಿಮೆ ಇರುವ ಮಗುವೂ ಇಲ್ಲಿ ಹಿಂದೆ ಬೀಳುವುದಿಲ್ಲ.

ವಡಾ ಪಾವು, ವಡಾ ಪಾವು,
ತಿಂದು ಓಡಿತೊಂದು ಹಾವು;
ಖಾರ ಹತ್ತಿ ಕೂಗಿತಯ್ಯೊ,
ನೀರು ತನ್ನಿ ಬೇಗ ನೀವು!

ಇದನ್ನು ಹೇಳಿಕೊಟ್ಟರೆ ಯಾರಾದರೂ ಒಬ್ಬರು ಎದ್ದು, ಹಾವಿಗೆ ಕಾಲಿಲ್ಲವಲ್ಲ, ಅದು ಓಡುವುದು ಹೇಗೆ ಎಂದು ಕೇಳುವುದು ಹೆಚ್ಚುಕಡಿಮೆ ಖಚಿತ. ಆ ಆಕ್ಷೇಪಣೆಯನ್ನು ದಯವಿಟ್ಟು ತಳ್ಳಿಹಾಕಬೇಡಿ. ಲೋಕ ಹೇಗಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ತಲೆಕೆಳಗಾದದ್ದು ಗೊತ್ತಾಗುತ್ತದೆ, ಮತ್ತು ನಗೆಪದ್ಯವನ್ನು ಅರ್ಥಮಾಡಿಕೊಳ್ಳುವುದು ಶುರುವಾಗುವುದು ಅಲ್ಲಿಂದಲೇ. 'ಹಾಗಾದರೆ ಇನ್ನೇನು ಮಾಡಿತು?' ಎಂದು ತಿರುಗಿ ಕೇಳಿ. ಹರಿಯಿತು, ತೆವಳಿತು, ಜಾರಿತು ಎಂದು ಕ್ರಿಯಾಪದಗಳು ಒಂದೊಂದಾಗಿ ಹೊರಬರುತ್ತವೆ. ಆಮೇಲೆ ಎರಡನ್ನೂ ಓದಿ ನೋಡಿಸಿ: ತಿಂದು ಹರಿದ ಹಾವಿಗಿಂತ ತಿಂದು ಓಡಿದ ಹಾವೇ ಹೆಚ್ಚು ನಗಿಸುತ್ತದೆ ಎಂದು ಮಕ್ಕಳೇ ತೀರ್ಮಾನಿಸುತ್ತಾರೆ.

ಪ್ರಾಸದಾಟದ ಮಿತಿಯೂ ಇಷ್ಟೇ ಸ್ಪಷ್ಟ. ಕೆಲವು ವಾರಗಳಲ್ಲಿ ಮಕ್ಕಳು ಪ್ರಾಸವನ್ನೇ ಹಾಸ್ಯ ಎಂದು ಭಾವಿಸತೊಡಗುತ್ತಾರೆ. ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬೆಕ್ಕು ಬಂದಿತ್ತು, ಹಾಲು ಕುಡಿದಿತ್ತು, ಓಡಿ ಹೋಗಿತ್ತು ಎಂದು ಬರೆದರೆ ಅಂತ್ಯಪ್ರಾಸ ಕೇಳದೆಯೇ ಬಂದುಬಿಡುತ್ತದೆ. ಮಗು ಪದ್ಯ ಬರೆದೆನೆಂದು ಹಿಗ್ಗುತ್ತದೆ. ಪದ್ಯದಲ್ಲಿ ಏನೂ ನಡೆದಿರುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಮದ್ದು, ಸಾಲಿನ ಕೊನೆಯಲ್ಲಿ ಹೆಸರಿನ ಪದವನ್ನೇ ಇಡಬೇಕೆಂಬ ಕಟ್ಟುನಿಟ್ಟು. ಸಾಲು 'ಬೆಕ್ಕು' ಎಂದು ಮುಗಿಯಲಿ. ಅದಕ್ಕೆ ಪ್ರಾಸವಾಗುವ ಮಾತುಗಳನ್ನು ಹಲಗೆಯ ಮೇಲೆ ಬರೆಯಿರಿ: ಸಿಕ್ಕು, ಸೊಕ್ಕು, ದಿಕ್ಕು, ಹಕ್ಕು. ಈಗ ಮಗು ಆ ಪದಗಳನ್ನು ನೋಡಿ ಕತೆ ಹುಡುಕಬೇಕು:

ಹಾಲೆಂದೋಡುತ ಬಂದಿತು ಬೆಕ್ಕು,
ಬಿಸಿ ಬಿಸಿ ಚಹದಲಿ ಮುರಿಯಿತು ಸೊಕ್ಕು!

ಪ್ರಾಸವೇ ಘಟನೆಯನ್ನು ಎಳೆದು ತಂದದ್ದನ್ನು ಗಮನಿಸಿ. ಕನ್ನಡದ ಹಳೆಯ ಕಾವ್ಯದಲ್ಲಿ ಕಾಣುವ ಆದಿಪ್ರಾಸವನ್ನೂ, ಅಂದರೆ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಹೊಂದುವುದನ್ನೂ, ಹೆಸರು ಹೇಳದೆ ಆಟವಾಗಿ ಆಡಿಸಬಹುದು. ಅತ್ತೆ, ಕತ್ತೆ, ಎತ್ತು, ಮುತ್ತು, ಸುತ್ತು ಎಂದು ಮಕ್ಕಳು ಸರಪಣಿ ಕಟ್ಟುತ್ತಾ ಹೋಗುತ್ತಾರೆ. ಅತ್ತೆಯೂ ಕತ್ತೆಯೂ ಒಂದೇ ಸಾಲಿನಲ್ಲಿ ಸಿಕ್ಕ ಮೇಲೆ ಶಿಕ್ಷಕರಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ.

ಒಗಟು

ಮಾತು ಅರ್ಥವಾಗುತ್ತದೆ, ಆಡಲು ಮಾತ್ರ ಹಿಂಜರಿಯುವ ಮಕ್ಕಳಿಗೆ ಒಗಟಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಗಟಿಗೆ ಉತ್ತರ ಒಂದೇ ಪದದ್ದು. ನಾಚಿಕೆಯ ಮಗುವೂ ಕೂಗಿ ಹೇಳುತ್ತದೆ.

ಮಳೆಯಲಿ ಅರಳುವೆ, ಬಿಸಿಲಲಿ ಮುದುಡುವೆ,
ಗಾಳಿಗೆ ಮಾತ್ರವೆ ಹೆದರುವೆನು;
ಲೋಕಲ್ ಗಾಡಿಯ ಸೀಟಿನ ಕೆಳಗೆ
ಒಡೆಯನ ಮರೆತೇ ಮಲಗುವೆನು.

ಕೊಡೆ ಎಂಬ ಉತ್ತರ ಬೇಗ ಬರುತ್ತದೆ, ಬರಲಿ. ಪಾಠ ಇರುವುದು ಕೊನೆಯ ಸಾಲಿನಲ್ಲಿ. ಕೊಡೆಯನ್ನು ಮರೆಯುವವರು ನಾವು; ಪದ್ಯದಲ್ಲಿ ಕೊಡೆಯೇ ನಮ್ಮನ್ನು ಮರೆತಿದೆ. ಯಾರು ಯಾರನ್ನು ಮರೆತರು ಎಂದು ಒಮ್ಮೆ ಕೇಳಿದರೆ ಸಾಕು, ವಸ್ತುವಿನ ಕಣ್ಣಿನಿಂದ ಮನುಷ್ಯನನ್ನು ನೋಡುವ ಉಪಾಯ ಮಕ್ಕಳ ಕೈಗೆ ಬರುತ್ತದೆ. ಮುಂದೆ ಚಪ್ಪಲಿ, ಲಿಫ್ಟ್, ಶಾಲೆಯ ಗಂಟೆ, ಅಪ್ಪನ ಮೊಬೈಲ್ ಎಲ್ಲವೂ ಮಾತನಾಡತೊಡಗುತ್ತವೆ.

ಒಗಟಿಗೆ ಮತ್ತೊಂದು ಅನುಕೂಲವಿದೆ: ಮನೆಯ ಹಿರಿಯರನ್ನು ಒಳಗೆ ಎಳೆಯುತ್ತದೆ. ಗೋವಾದ ವಾಸ್ಕೋದಲ್ಲಿರುವ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ, ಮುಂಬಯಿ, ಪುಣೆಗೆ ಮಕ್ಕಳ ಬಳಿಗೆ ಬಂದು ನೆಲೆಸಿದ ಅಜ್ಜಿಯರಲ್ಲಿ ಹಳೆಯ ಒಗಟುಗಳು ಇನ್ನೂ ಬಾಯಲ್ಲಿವೆ. ಒಂದು ಒಗಟು ಕೇಳಿಕೊಂಡು ಬಾ ಎಂಬ ಮನೆಗೆಲಸ ಮೊಮ್ಮಗುವಿಗೂ ಅಜ್ಜಿಗೂ ಸಮಾನವಾಗಿ ಸಂತೋಷ ಕೊಡುತ್ತದೆ. ಆದರೆ ಬರವಣಿಗೆಯ ದೃಷ್ಟಿಯಿಂದ ಒಗಟು ಬೇಗ ಬತ್ತುತ್ತದೆ. ಎಲ್ಲ ಒಗಟುಗಳೂ 'ನಾನು ಯಾರು' ಎಂದೇ ಮುಗಿಯತೊಡಗಿದಾಗ ಮುಂದಕ್ಕೆ ಹೋಗಬೇಕು.

ಚೌಪದಿ

ನನ್ನ ಆಯ್ಕೆ ಇದು, ಮುಚ್ಚಿಡುವುದಿಲ್ಲ. ನಾಲ್ಕು ಸಾಲು, ಸಣ್ಣ ಘಟನೆ, ಕೊನೆಯಲ್ಲೊಂದು ತಿರುವು. ಮುಂಬಯಿಯ ಕನ್ನಡಿಗರಿಗೆ ಇದು ಹೊರಗಿನ ವಸ್ತುವೂ ಅಲ್ಲ. ಚೌಪದಿಯನ್ನು ಜನರ ಬಾಯಿಗೆ ತಂದ ದಿನಕರ ದೇಸಾಯಿ (1909–1982) ಅಂಕೋಲೆಯ ಕಡೆಯವರಾದರೂ ಭಾರತ ಸೇವಕ ಸಮಾಜದ ಕಾರ್ಯಕರ್ತರಾಗಿ ದೀರ್ಘಕಾಲ ಈ ನಗರದಲ್ಲಿ ದುಡಿದವರು. ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು. ಕನ್ನಡದ ನಗೆ ಎಲ್ಲವೂ ಘಟ್ಟದ ಆಚೆಯಿಂದಲೇ ಬರಬೇಕೆಂದಿಲ್ಲ ಎಂದು ಅವರಿಗೆ ತಿಳಿಯಲಿ.

ಈ ಪದ್ಯ ನೋಡಿ:

ದಾದರಲಿಳಿಯಲು ಹೊರಟಿದ್ದ
ಮಾಮನು ಚೀಲವ ಹಿಡಿದಿದ್ದ;
ಚೀಲವು ದಾದರಲಿಳಿದಿತ್ತು,
ಮಾಮನು ಕುರ್ಲಾ ತಲುಪಿದ್ದ!

ಮೊದಲು ಕೊನೆಯ ಸಾಲನ್ನು ಮುಚ್ಚಿ ಮೂರು ಸಾಲು ಮಾತ್ರ ಓದಿ. ಮುಂದೇನಾಯಿತು? ಮಕ್ಕಳು ಹೇಳಿದ್ದನ್ನೆಲ್ಲ ಹಲಗೆಯ ಮೇಲೆ ಬರೆಯಿರಿ. 'ಮಾಮನು ಕೂಡಾ ಇಳಿದಿದ್ದ' ಎಂದು ಒಬ್ಬರು ಹೇಳಬಹುದು. ಗತಿ ಸರಿಯಾಗಿದೆ, ಪ್ರಾಸವೂ ಸರಿಯಾಗಿದೆ, ಯಾರೂ ನಗುವುದಿಲ್ಲ. ಏಕೆ ನಗಲಿಲ್ಲ ಎಂದು ಕೇಳಿ. ನಾವು ಅಂದುಕೊಂಡದ್ದೇ ಆಯಿತಲ್ಲ ಎಂಬ ಉತ್ತರ ಮಕ್ಕಳಿಂದಲೇ ಬರುತ್ತದೆ. ಅಂದುಕೊಂಡದ್ದೊಂದು, ಆದದ್ದೊಂದು: ಹಾಸ್ಯಪದ್ಯವನ್ನು ಅರ್ಥಮಾಡಿಕೊಳ್ಳಲು ಈ ವಯಸ್ಸಿನಲ್ಲಿ ಬೇಕಾದ ವಿಮರ್ಶೆ ಇಷ್ಟೇ. ಆಶಯ, ಅಲಂಕಾರ, ಕವಿಯ ಪರಿಚಯ ಯಾವುದನ್ನೂ ಇಲ್ಲಿ ತರಬೇಡಿ.

ಆಮೇಲೆ ಇನ್ನೊಂದು ಪ್ರಯೋಗ. 'ಚೀಲವು ದಾದರಲಿಳಿದಿತ್ತು' ಎಂಬುದನ್ನು ತೆಗೆದು 'ಮಾಮನು ಇಳಿಯಲು ಆಗಲಿಲ್ಲ' ಎಂದು ಹಾಕಿ. ಗುಟ್ಟು ಮೂರನೆಯ ಸಾಲಿನಲ್ಲೇ ಬಯಲಾಯಿತು. ಕೊನೆಯ ಸಾಲಿಗೆ ಹೇಳಲು ಏನೂ ಉಳಿಯಲಿಲ್ಲ. ಗುಟ್ಟನ್ನು ಎಲ್ಲಿಯವರೆಗೆ ಬಚ್ಚಿಡಬೇಕು ಎಂಬುದನ್ನು ಮಕ್ಕಳು ಹೀಗೆ ಕೈಯಲ್ಲಿ ಮುಟ್ಟಿ ಕಲಿಯುತ್ತಾರೆ. ಹತ್ತು ಪದ್ಯಗಳನ್ನು ಕಂಠಪಾಠ ಮಾಡಿಸುವುದಕ್ಕಿಂತ ಒಂದೇ ಪದ್ಯವನ್ನು ಹೀಗೆ ಬಿಚ್ಚಿ ಕಟ್ಟುವುದು ಮೇಲು.

ಗತಿಯ ಬಗ್ಗೆ ಶಿಕ್ಷಕರಿಗೆ ಮಾತ್ರ ಎರಡು ಮಾತು. ಈ ಪದ್ಯದ ಪ್ರತಿ ಸಾಲೂ ನಾಲ್ಕು, ನಾಲ್ಕು, ಐದು ಮಾತ್ರೆಗಳದ್ದು: ದಾದರ, ಲಿಳಿಯಲು, ಹೊರಟಿದ್ದ. ದೀರ್ಘಾಕ್ಷರಕ್ಕೆ, ಅನುಸ್ವಾರವಿದ್ದ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು ಮಾತ್ರೆ, ಉಳಿದದ್ದಕ್ಕೆ ಒಂದು. ಇದನ್ನು ನೀವು ಲೆಕ್ಕ ಹಾಕಿಕೊಳ್ಳಿ, ಮಕ್ಕಳಿಗೆ ಹೇಳಬೇಡಿ. ಅವರಿಗೆ ಚಪ್ಪಾಳೆ ಕೊಡಿ. ಚಪ್ಪಾಳೆಗೆ ಸಾಲು ಕೂಡದಿದ್ದರೆ ಪದ ಬದಲಾಯಿಸಬೇಕು, ಅಷ್ಟೇ ನಿಯಮ. ಲಘು, ಗುರುಗಳ ಗುರುತು ಹಾಕುವುದು ಹೈಸ್ಕೂಲಿಗೆ ಇರಲಿ. ನಾಲ್ಕನೆಯ ತರಗತಿಯಲ್ಲಿ ಆ ಗುರುತುಗಳನ್ನು ಕಂಡ ಮಗುವಿಗೆ ಪದ್ಯವೆಂದರೆ ಗಣಿತದ ಇನ್ನೊಂದು ತರಗತಿಯಾಗಿಬಿಡುತ್ತದೆ.

ಮೂರು ಬಗೆಯ ಕಿವಿಗಳು ಒಂದೇ ಕೋಣೆಯಲ್ಲಿದ್ದಾಗ ಚೌಪದಿಯೇ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದನ್ನು ಹಂಚಿಕೊಳ್ಳಬಹುದು. ಕನ್ನಡ ಕಡಿಮೆ ಇರುವ ಮಗು ಪ್ರಾಸದ ಪದ ಕೊಡಲಿ. ಅರ್ಥವಾದರೂ ಆಡಲು ಹಿಂಜರಿಯುವ ಮಗು ಘಟನೆಯನ್ನು ತನಗೆ ಬಂದ ಭಾಷೆಯಲ್ಲಿ ಹೇಳಲಿ. ಮನೆಯಲ್ಲೇ ಕನ್ನಡ ಇರುವ ಮಗು ಸಾಲು ಕಟ್ಟಲಿ. ಕೊನೆಯ ಸಾಲನ್ನು ಮಾತ್ರ ಎಲ್ಲರೂ ಬೇರೆ ಬೇರೆ ಬರೆಯಲಿ, ನಾಲ್ಕೇ ಪದ ಇದ್ದರೂ ಪರವಾಗಿಲ್ಲ. ಅತ್ಯುತ್ತಮ ಕೊನೆಯ ಸಾಲು ಬಹಳಷ್ಟು ಸಲ ಸಾಲು ಕಟ್ಟುವ ಮಗುವಿನದಾಗಿರುವುದಿಲ್ಲ ಎಂಬುದು ಈ ಕ್ರಮದ ದೊಡ್ಡ ಲಾಭ.

ಅಣಕವಾಡು

ಬೇಗ ನಗು ಬೇಕೆಂದರೆ ಅಣಕವಾಡು. ಮಕ್ಕಳಿಗೆ ಮೊದಲೇ ಗೊತ್ತಿರುವ ಧಾಟಿಗೆ ಹೊಸ ಮಾತು ತುಂಬುವುದರಿಂದ ಗತಿಯ ಚಿಂತೆಯೇ ಇಲ್ಲ. ಬಾಳೆಯ ತೋಟಕ್ಕೆ ನೀರಿಲ್ಲವೆಂದು ಮಳೆರಾಯನನ್ನು ಕರೆಯುವ ಜನಪದ ಹಾಡು ಕನ್ನಡದ ಎಲ್ಲ ಮನೆಗಳಲ್ಲೂ ಇದೆ. ಮುಂಬಯಿಯ ಮಗುವಿಗೆ ಜುಲೈ ತಿಂಗಳಲ್ಲಿ ತೋಟವೂ ಕಾಣದು, ನೀರಿನ ಕೊರತೆಯೂ ಕಾಣದು. ಕಾಣುವುದು ಪರೇಲಿನ ಹಿಂದ್‌ಮಾತಾದಲ್ಲಿ ಸೊಂಟದವರೆಗೆ ನಿಂತ ನೀರು. ಹಾಗಾದರೆ ಅದನ್ನೇ ಹೇಳಲಿ:

ಸಾಕೋ ಸಾಕೋ ಮಳೆರಾಯ,
ಹಿಂದಮಾತದಲಿ ದಾರಿಲ್ಲ;
ಹೋಗೋ ಹೋಗೋ ಮಳೆರಾಯ,
ಶಾಲೆಗೆ ರಜೆಯೂ ಸಿಗಲಿಲ್ಲ!

ಇದರ ಜೊತೆಗೆ ಮರಾಠಿಯ ಮಳೆಹಾಡನ್ನೂ ಇಟ್ಟು ನೋಡಿಸಿ. ನಮ್ಮ ಮಕ್ಕಳಲ್ಲಿ ಅದು ಬಾರದವರು ವಿರಳ. ಅಲ್ಲಿ ಮಗು ಮಳೆಗೆ ಪೈಸೆ ಕೊಡುತ್ತೇನೆಂದು ಆಸೆ ಹುಟ್ಟಿಸುತ್ತದೆ, ಪೈಸೆ ಖೋಟಾ ಆಗುತ್ತದೆ, ಮಳೆ ಮಾತ್ರ ಜೋರಾಗಿಯೇ ಸುರಿಯುತ್ತದೆ. ಕನ್ನಡದ ಮಗು ಮಳೆಯನ್ನು ಬೇಡುತ್ತದೆ, ಮರಾಠಿಯ ಮಗು ಮಳೆಯೊಂದಿಗೆ ವ್ಯಾಪಾರ ಮಾಡುತ್ತದೆ. ಹೆಚ್ಚು ನಗು ಯಾವುದರಲ್ಲಿದೆ, ಏಕೆ ಎಂಬ ಚರ್ಚೆಗೆ ಒಂದು ಇಡೀ ತರಗತಿ ಹೋದರೂ ಅದು ವ್ಯರ್ಥವಲ್ಲ. ಎರಡು ಭಾಷೆಯ ಹಾಡುಗಳನ್ನು ಹೀಗೆ ಪಕ್ಕಪಕ್ಕದಲ್ಲಿ ಹಿಡಿದು ನೋಡುವ ಸೌಭಾಗ್ಯ ಮುಂಬಯಿ, ಪುಣೆಯ ಮಗುವಿಗೆ ಸಹಜವಾಗಿಯೇ ಸಿಕ್ಕಿದೆ. ಅದನ್ನು ಕೊರತೆ ಎಂದು ಹಳಹಳಿಸುವ ಪಾಲಕರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇಷ್ಟಾದರೂ ಅಣಕವಾಡನ್ನು ನಾನು ಮೊದಲ ಸ್ಥಾನದಲ್ಲಿ ಇಡುವುದಿಲ್ಲ. ಧಾಟಿ ಬೇರೆಯವರದು, ನಗುವಿನ ಅರ್ಧ ಭಾಗ ಮೂಲ ಹಾಡಿನಿಂದ ಬಂದದ್ದು. ಮೂಲ ಗೊತ್ತಿಲ್ಲದ ಮಗುವಿಗೆ ಅಣಕವೂ ಇಲ್ಲ. ಸಿನಿಮಾ ಹಾಡಿಗೆ ಇಳಿದರೆ ಇನ್ನೂ ಕಷ್ಟ: ಮಕ್ಕಳು ಹಾಡುವುದು ಹಿಂದಿ ಧಾಟಿ, ತುಂಬುವುದು ಹಿಂದಿ ಮಾತು, ಕನ್ನಡ ಕೋಣೆಯ ಹೊರಗೇ ಉಳಿಯುತ್ತದೆ.

ಲಿಮರಿಕ್, ಕಥನ ಕವನ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜನಪ್ರಿಯವಾದ ಐದು ಸಾಲಿನ ಲಿಮರಿಕ್ಕಿನ ಸೊಗಸು ಇಂಗ್ಲಿಷಿನ ಒತ್ತಿನ ಗತಿಯಲ್ಲಿದೆ. ಕನ್ನಡದ ಗತಿ ನಡೆಯುವುದು ಮಾತ್ರೆಯ ಮೇಲೆ. ದೊಡ್ಡವರು ಪಳಗಿಸಿಕೊಂಡು ಬರೆಯಬಹುದು, ಎಂಟು ವರ್ಷದ ಮಗುವಿಗೆ ಆ ಕಷ್ಟ ಬೇಡ. ಹಾಸ್ಯದ ಕಥನ ಕವನ ಓದಿಸಲು, ಅಭಿನಯಿಸಲು ಬಹಳ ಒಳ್ಳೆಯದು. ಬರೆಸಲು ಹೋದರೆ ಮಕ್ಕಳು ಎಂಟನೆಯ ಸಾಲಿಗೆ ದಣಿದು ಗದ್ಯಕ್ಕೆ ಇಳಿಯುತ್ತಾರೆ. ವಾರ್ಷಿಕೋತ್ಸವದ ವೇದಿಕೆಗೆ ಮಾತ್ರ ಅದನ್ನು ಆರಿಸಿ.

ಬೆರಕೆ ಮಾತು ಬಿಡಬೇಕೆ, ತಡೆಯಬೇಕೆ?

ಇಲ್ಲಿನ ಮಗು ಬರೆಯುವ ಪದ್ಯದಲ್ಲಿ ಛತ್ರಿ, ಭಾಜಿ, ಟಪರಿ, ರಿಕ್ಷಾ ಬಂದೇ ಬರುತ್ತವೆ. ಕೆಲವು ಶಿಕ್ಷಕರು ಪ್ರತಿಯೊಂದನ್ನೂ ಅಡಿಗೆರೆ ಎಳೆದು ತಿದ್ದುತ್ತಾರೆ, ಕೆಲವರು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಎರಡರ ನಡುವೆ ಒಂದು ಗೆರೆ ಎಳೆಯುವುದು ಸಾಧ್ಯ: ವಸ್ತುವಿನ ಹೆಸರು ಯಾವ ಭಾಷೆಯದ್ದಾದರೂ ಇರಲಿ, ಕ್ರಿಯಾಪದ ಮತ್ತು ಪ್ರತ್ಯಯ ಕನ್ನಡದ್ದೇ ಆಗಿರಲಿ. 'ಛತ್ರಿಯು ಹಾರಿತು' ಎಂಬುದು ಕನ್ನಡ. ಕ್ರಿಯಾಪದ ಕೈತಪ್ಪಿದರೆ ಸಾಲೇ ಕೈತಪ್ಪುತ್ತದೆ. ತುಳು ಮನೆಮಾತಿನ ಮಕ್ಕಳಿಗೆ ಈ ಗೆರೆ ಬಹಳ ನೆರವಾಗುತ್ತದೆ. ಅವರು ಪದಗಳಿಗಾಗಿ ತಡಕಾಡುತ್ತಾ ಪದ್ಯವನ್ನೇ ಕೈಬಿಡುವುದು ತಪ್ಪುತ್ತದೆ.

ಯಾರನ್ನು ನೋಡಿ ನಗಬೇಕು?

ಇದರಲ್ಲಿ ಆಯ್ಕೆಗೆ ಅವಕಾಶ ಕೊಡಬಾರದು ಎಂಬುದು ನನ್ನ ಗಟ್ಟಿ ನಿಲುವು. ಮಕ್ಕಳ ಮೊದಲ ಹಾಸ್ಯಪದ್ಯ ಸಾಮಾನ್ಯವಾಗಿ ಪಕ್ಕದ ಮಗುವಿನ ದಪ್ಪ, ಕಪ್ಪು, ತೊದಲು ಅಥವಾ ಉಚ್ಚಾರಣೆಯ ಮೇಲೆ ಬೀಳುತ್ತದೆ. ಊರೂರುಗಳಿಂದ ಬಂದವರ ನಗರದಲ್ಲಿ ಮಾತಿನ ಧಾಟಿಯ ಅಣಕ ಇನ್ನೂ ಸುಲಭ. ಕಲಬುರಗಿಯ ಮಗು ಕುಂದಾಪುರದ ಮಗುವನ್ನು ನೋಡಿ ನಗುತ್ತದೆ, ಇಬ್ಬರೂ ಸೇರಿ ಬಿಹಾರದಿಂದ ಬಂದ ಕಾವಲುಗಾರನನ್ನು ನೋಡಿ ನಗುತ್ತಾರೆ. ತರಗತಿಯೆಲ್ಲ ನಕ್ಕಿತು ಎಂಬುದು ಪದ್ಯ ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ. ಒಂದು ಮಗು ಮಾತ್ರ ನಗದೆ ತಲೆ ತಗ್ಗಿಸಿದ್ದರೆ ಆ ಪದ್ಯವನ್ನು ಅಲ್ಲಿಗೇ ನಿಲ್ಲಿಸಿ. ನಗುವಿಗೆ ಗುರಿಯಾಗಲು ಬೇಕಾದಷ್ಟು ಇವೆ: ತಡವಾಗುವ ಗಾಡಿ, ಮಾತು ಕೇಳದ ಕೊಡೆ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಪ್ಪನ ಗತ್ತು, ಪರೀಕ್ಷೆಯ ಹಿಂದಿನ ರಾತ್ರಿ ಬರೆಯುವವನ ಸ್ವಂತ ಪಾಡು. ಶಿಕ್ಷಕರು ತಮ್ಮ ಮೇಲೆಯೇ ಒಂದು ಚೌಪದಿ ಬರೆದು ಓದಿದರೆ ಮಕ್ಕಳಿಗೆ ದಾರಿ ತಾನಾಗಿ ತಿಳಿಯುತ್ತದೆ.

ಸಾಮಗ್ರಿ, ಸಮಯ, ತಿದ್ದುಪಡಿ

1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಪ್ರಕಟಿಸುತ್ತದೆ. ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳ ಬಳಿ ಅವು ಹೇಗೂ ಇರುತ್ತವೆ. ಭಾನುವಾರದ ತರಗತಿ ನಡೆಸುವವರು ತಮ್ಮ ಮಕ್ಕಳ ತರಗತಿಗಿಂತ ಒಂದೆರಡು ವರ್ಷ ಕೆಳಗಿನ ಪುಸ್ತಕದ ಪದ್ಯಗಳನ್ನು ಆರಿಸಿಕೊಂಡರೆ ಓದು ಸಲೀಸಾಗುತ್ತದೆ. ಸಂಘಸಂಸ್ಥೆಗಳ ಗ್ರಂಥಾಲಯಗಳನ್ನೂ ಮರೆಯಬೇಡಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ. ಮಕ್ಕಳು ತಮ್ಮ ಪದ್ಯ ಓದಲು ಒಂದು ಸಂಜೆ ಸಿಗುತ್ತದೆಯೇ ಎಂದು ಇಂಥ ಕಡೆಗಳಲ್ಲಿ ವಿಚಾರಿಸುವುದರಲ್ಲಿ ಸಂಕೋಚ ಬೇಡ. ನಗೆಪದ್ಯ ಬರೆದ ಮಗುವಿಗೆ ಕೇಳಿ ನಗುವ ಜನ ಬೇಕು. ಸ್ಪರ್ಧೆ ಮತ್ತು ವಾಚನ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ವಾಚನವನ್ನೇ ಆರಿಸಿ. ಬಹುಮಾನ ಬಾರದ ಮಗು ಮರುವಾರ ಬರೆಯುವುದಿಲ್ಲ.

ತಿದ್ದುವಾಗ ಕ್ರಮ ಮುಖ್ಯ. ಮೊದಲು ತಿರುವು ಇದೆಯೇ ಎಂದು ನೋಡಿ, ಆಮೇಲೆ ಗತಿ, ಅದಾದ ಮೇಲೆ ಪ್ರಾಸ, ಕಟ್ಟಕಡೆಗೆ ಕಾಗುಣಿತ. ಹೆಚ್ಚಿನ ವಹಿಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಕೆಂಪು ಶಾಯಿ ಒತ್ತಕ್ಷರದ ಮೇಲೆಯೇ ಮುಗಿದುಹೋಗಿ, ಪದ್ಯ ನಗಿಸಿತೋ ಇಲ್ಲವೋ ಎಂಬ ಮಾತೇ ಬರುವುದಿಲ್ಲ.

ಕೊನೆಯದಾಗಿ ಸಮಯದ ಲೆಕ್ಕ. ನವೆಂಬರಿನ ರಾಜ್ಯೋತ್ಸವಕ್ಕೆ ಎರಡೇ ವಾರ ಉಳಿದಿದ್ದು ಮಕ್ಕಳು ವೇದಿಕೆ ಏರಬೇಕಾಗಿದ್ದರೆ ಅಣಕವಾಡು ಆರಿಸಿ, ಜನಪದ ಧಾಟಿಯನ್ನೇ ಬಳಸಿ. ಜೂನಿನಿಂದ ದೀಪಾವಳಿಯವರೆಗೆ ವಾರಕ್ಕೊಂದು ಗಂಟೆ ಸಿಗುತ್ತದೆ ಎಂದಾದರೆ ಮಳೆಗಾಲದ ಮೊದಲ ತಿಂಗಳು ಪ್ರಾಸದಾಟ, ಮುಂದಿನ ತಿಂಗಳು ಒಗಟು, ಗಣೇಶ ಚೌತಿಯ ರಜೆ ಮುಗಿದ ಮೇಲೆ ಚೌಪದಿ. 'ಹತ್ತು, ಒಂಬತ್ತು' ಪದ್ಯವನ್ನು ದೀಪಾವಳಿಯ ಹಿಂದಿನ ವಾರ ಮತ್ತೊಮ್ಮೆ ಓದಿ, ಈ ಬಾರಿ ಯಾರು ಯಾರು ವಿವರಣೆಯಿಲ್ಲದೆ ನಕ್ಕರು ಎಂದು ಬರೆದಿಟ್ಟುಕೊಳ್ಳಿ. ಎರಡನೆಯ ಅವಧಿಯಲ್ಲಿ ಶ್ಲೇಷೆಯನ್ನು ಯಾರಿಗೆ ಕೊಡಬಹುದು, ಯಾರಿಗೆ ಇನ್ನಷ್ಟು ದಿನ ಪ್ರಾಸದಾಟವೇ ಬೇಕು ಎಂಬುದು ಆ ಪಟ್ಟಿಯಿಂದ ಗೊತ್ತಾಗುತ್ತದೆ.